ಆನೆಯ ತಲೆಗೆ ಕಟ್ಟಿದ ನೋವು

ನೋವು ಮೊದಲು ಬಂತೋ ಆನೆ ಮೊದಲು ಬಂತೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಆನೆ ಬಂದಿತ್ತೇ ಎಂಬುದೂ ನನಗೆ ಗೊತ್ತಿಲ್ಲ. ನೆನಪಿನಲ್ಲಿ ಉಳಿದಿರುವುದು ಇಷ್ಟು: ಡಿಸೆಂಬರಿನ ಮಂಜು, ಬಾಳ್ಳುಪೇಟೆಯಿಂದ ಒಳಗೆ ಹೋಗುವ ಎಸ್ಟೇಟ್ ರಸ್ತೆ, ಕಾಫಿ ಗಿಡಗಳ ನಡುವೆ ಲಟಕ್ಕೆಂದು ಕೊಂಬೆ ಮುರಿದ ಸದ್ದು, ಬೂದು ಬಣ್ಣದ ಏನೋ ಒಂದು, ಮತ್ತು ಎಡಗಾಲಿನ ಹಿಮ್ಮಡಿಯ ಮೇಲೆ ಯಾರೋ ಕಲ್ಲು ಬೀಸಿ ಹೊಡೆದಂಥ ಪೆಟ್ಟು. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಾಗುವುದು ಆ ಬೆಳಿಗ್ಗೆಯಲ್ಲ, ನಾನು ಹೇಳಿದ ಕಥೆ.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ನಾನು. ಅಳತೆಯೊಳಗೆ ತಪ್ಪು ಎಲ್ಲಿಂದ ನುಸುಳುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ನಲವತ್ತು ದಾಟಿದ ಮೇಲೆ ಓಟದ ಹುಚ್ಚು ಹಿಡಿಯಿತು. ಒಂದು ಕಡೆ ಕೂರಲಾರದ ಸ್ವಭಾವ ನನ್ನದು. ಬೆಳಿಗ್ಗೆ ಎಂಟು ಕಿಲೋಮೀಟರ್ ಓಡಿ ಬಂದರೆ ಮಾತ್ರ ಉಳಿದ ದಿನ ಮನುಷ್ಯರ ಜೊತೆ ಮನುಷ್ಯನಂತೆ ಇರಬಲ್ಲೆ. ಫೆಬ್ರವರಿಯಲ್ಲಿ ಹಾಸನದಲ್ಲಿ ನಡೆಯಲಿದ್ದ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದೆ.

ಆ ಬೆಳಿಗ್ಗೆ ಕುಂಟುತ್ತಾ ಬಂದು ಹೆದ್ದಾರಿ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಕೂತೆ. ಹೋಟೆಲಿನವರು ಟೀ ಇಡುತ್ತಾ ಕೇಳಿದರು: "ಏನ್ ಮೇಷ್ಟ್ರೇ, ಆನೆ ಅಟ್ಟಿಸ್ಕಂಡ್ ಬಂತಾ?"

ನಮ್ಮ ಕಡೆ ಇದು ತಮಾಷೆಯ ಪ್ರಶ್ನೆಯಲ್ಲ. ಎದ್ದ ಕೂಡಲೇ, ಹಲ್ಲುಜ್ಜುವುದಕ್ಕೂ ಮೊದಲು, ಆನೆ ಯಾವ ಎಸ್ಟೇಟಿನಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶವನ್ನು ಫೋನಿನಲ್ಲಿ ನೋಡುವವರು ನಾವು. "ಹೂಂ" ಎಂದೆ. ಆನೆ ಎಂಬ ಮಾತು ಮೊದಲು ಹೊರಟಿದ್ದು ಅವರ ಬಾಯಿಂದಲೇ ಎಂದು ಈಗ ಅನ್ನಿಸುತ್ತದೆ.

"ಬಚಾವಾದ್ರಿ ಬುಡಿ. ಕಾಲು ಹೋದ್ರೆ ಹೋಯ್ತು, ಜೀವ ಉಳೀತಲ್ಲ."

ವಾರ ಕಳೆಯುವುದರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಆನೆ ಮೂರಾಗಿತ್ತು. ನಾನು ತಿದ್ದಲಿಲ್ಲ. ಮಿತಿಮೀರಿ ಓಡಿ ಕಾಲು ಕೆಡಿಸಿಕೊಂಡವನು ಅನ್ನಿಸಿಕೊಳ್ಳುವುದಕ್ಕಿಂತ ಆನೆಯಿಂದ ತಪ್ಪಿಸಿಕೊಂಡವನು ಅನ್ನಿಸಿಕೊಳ್ಳುವುದು ಹಿತವಾಗಿತ್ತು.

ಹಾಸನದ ಫಿಸಿಯೋಥೆರಪಿಸ್ಟ್, ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕವರು, ಹಿಮ್ಮಡಿಯಿಂದ ಮೀನಖಂಡಕ್ಕೆ ಹೋಗುವ ದಪ್ಪ ನರವನ್ನು ಒತ್ತಿ ನೋಡಿದರು. "ನೋವು ಇದ್ದಕ್ಕಿದ್ದಂಗೆ ಬಂದಿದ್ದಾ ಸರ್, ಮುಂಚೆಯಿಂದ್ಲೂ ಇತ್ತಾ?"

"ಇದ್ದಕ್ಕಿದ್ದಂತೆ. ಆನೆ ಬಂತು, ಓಡಿದೆ."

"ಆನೆಗೇನೂ ಆಗಿಲ್ವಲ್ಲ?" ಎಂದು ನಕ್ಕರು. ದಿಢೀರನೆ ಎಳೆತಕ್ಕೆ ಸಿಕ್ಕಿದ ಕಾಲಿಗೆ ಹೇಳುವಂತೆ ಮೂರು ವಾರದ ವಿಶ್ರಾಂತಿ ಹೇಳಿ ಕಳಿಸಿದರು.

ಆ ಮೂರು ವಾರದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೆ. ಹೆಂಡತಿಗೆ ಮೆಣಸಿನಪುಡಿ ಸಿಗದೆ ಸಿಟ್ಟು ಬಂತು. "ಇನ್ನೊಂದು ವಾರ ನೀವು ಓಡ್ದೆ ಇದ್ರೆ ನಾನೇ ಓಡ್ಹೋಗ್ತೀನಿ ನೋಡಿ."

ಇಪ್ಪತ್ತೆರಡನೆಯ ದಿನ ನೋವಿರಲಿಲ್ಲ. ಆರು ಕಿಲೋಮೀಟರ್ ಓಡಿದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋದೆ. ಮತ್ತೆ ವಿಶ್ರಾಂತಿ, ಮತ್ತೆ ಓಟ, ಮತ್ತೆ ಗೋಡೆ. ಹೀಗೆ ಮೂರು ಸಲ. ಹಾಸನದ ಓಟ ನಾನಿಲ್ಲದೆ ನಡೆದುಹೋಯಿತು. ಮೂರನೆಯ ಸಲ ಫಿಸಿಯೋಥೆರಪಿಸ್ಟ್ ನಗಲಿಲ್ಲ. "ಹೀಗೇ ಮಾಡ್ತಿದ್ರೆ ಒಂದಿನ ನರ ಕಿತ್ತೇ ಹೋಗತ್ತೆ. ಆಮೇಲೆ ಓಟದ ಮಾತೇ ಬೇಡ. ನಾನು ಕೊಟ್ಟಿದ್ದು ಯಾಕೆ ಹಿಡೀತಿಲ್ಲ ಅಂತ ನಂಗೂ ಗೊತ್ತಾಗ್ತಿಲ್ಲ ಸರ್." ವಾಪಸು ಬರುವ ಬಸ್ಸಿನಲ್ಲಿ, ಓಟವಿಲ್ಲದ ಬೆಳಿಗ್ಗೆಗಳು ಮುಂದೆ ಎಷ್ಟು ವರ್ಷ ಇರಬಹುದು ಎಂದು ಯೋಚಿಸುತ್ತಾ ಕೂತಿದ್ದೆ. ನಿಜಕ್ಕೂ ಹೆದರಿದ್ದೆ.

ಮೇ ತಿಂಗಳಲ್ಲಿ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ತಮ್ಮ ಮಗಳ ಕಾಲೇಜಿನ ಅರ್ಜಿ ತುಂಬಿಸಲು ಬಂದರು. ಸ್ಟೂಲಿನ ಮೇಲಿಟ್ಟಿದ್ದ ನನ್ನ ಕಾಲು ನೋಡಿ, "ಇನ್ನೂ ಆನೆ ನೋವೇ ಐತಾ?" ಎಂದರು. ಆ ದನಿ ನನಗೆ ಹಿಡಿಸಲಿಲ್ಲ. ಯಾಕೆ ಹಾಗೆ ಕೇಳುತ್ತೀರಿ ಎಂದೆ.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನೀವು ದೀಪಾವಳಿ ಆದಾಗ್ಲಿಂದ್ಲೂ ಕುಂಟ್ತಿದ್ರಿ. ಸ್ಟೋರ್ ಮುಂದೆ ನಾನು ಆಳುಗಳ ಹಾಜರಿ ತಗಳೋ ಹೊತ್ಗೇ ಅಲ್ವಾ ನೀವು ದಿನಾ ವಾಪಸ್ ಬರೋದು? ನಮ್ಮ ಹೆಣ್ಣಾಳುಗಳು ಏನಂತಿದ್ರು ಗೊತ್ತಾ? ಮೇಷ್ಟ್ರದು ಒಂದ್ ಕಾಲು ಓಡ್ತೈತೆ, ಇನ್ನೊಂದ್ ಕಾಲು ಬರ್ಲೋ ಬ್ಯಾಡ್ವೋ ಅಂತ ಕೇಳ್ತೈತೆ ಅಂತ."

ಒಳಗಿನಿಂದ ಹೆಂಡತಿ, "ನಾನೂ ಆಗ್ಲೇ ಹೇಳ್ದೆ, ಕೇಳಿದ್ರಾ?" ಎಂದಳು. ಹೇಳಿದ್ದಳೇ? ನನಗೆ ನೆನಪಿಲ್ಲ.

"ಮತ್ತೆ ಆನೆ?"

"ಆನೆ ಐತೆ ಅಂದ್ರೆ ನಾವು ತೋಟಕ್ಕೆ ಆಳು ಬಿಡಾಕಿಲ್ಲ. ಆಚೆಗೋಯ್ತು ಅಂತ ಫಾರೆಸ್ಟ್ ಗಾರ್ಡು ಹೇಳೋಗಂಟ ಎಲ್ರೂ ಸ್ಟೋರ್ ತಾವೇ ಕೂತಿರ್ತಾರೆ. ಆವತ್ತು ಎಂಟ್ ಗಂಟೆಗೆ ನೀವು ಹೇಳೋ ಜಾಗಕ್ಕೇ ಹಣ್ಣು ಕೊಯ್ಯಕ್ಕೆ ಹತ್ತಾಳು ಕಳ್ಸಿದ್ದೆ ಕಣ್ರೀ. ಒಂದು ಲದ್ದೀನೂ ಕಾಣ್ನಿಲ್ಲ ಅವ್ರಿಗೆ."

"ಹಾಗಾದ್ರೆ ಆಗಲೇ ಯಾಕೆ ಹೇಳ್ಲಿಲ್ಲ?"

"ಅಯ್ಯೋ, ನೀವು ಅಷ್ಟ್ ಚೆನ್ನಾಗಿ ಹೇಳ್ತಿದ್ರಿ ಮಾರಾಯ್ರೇ!"

ಲದ್ದಿ ಕಾಣಲಿಲ್ಲ ಎಂದ ಮಾತ್ರಕ್ಕೆ ಆನೆ ಇರಲಿಲ್ಲ ಎಂದಾಗುವುದಿಲ್ಲ. ಮಂಜಿನಲ್ಲಿ ಬಂದು ನಿಂತು, ಹಾಗೇ ಆಚೆ ದಾಟಿರಬಹುದು. ಆದರೆ ನನ್ನ ಕುಂಟುವಿಕೆಗೆ ಒಂದು ಸ್ಟೋರಿನಷ್ಟು ಸಾಕ್ಷಿಗಳಿದ್ದರು. ರೈಟರ್ ಹೋದ ಮೇಲೆ ಕೈಗಡಿಯಾರದಲ್ಲಿ ಉಳಿದಿದ್ದ ಹಳೆಯ ಓಟಗಳನ್ನೆಲ್ಲ ತೆಗೆದು ನೋಡಿದೆ. ದಸರೆಯಿಂದ ಈಚೆಗೆ ವಾರದ ದೂರವನ್ನು ಎರಡರಷ್ಟು ಮಾಡಿದ್ದೆ. ಅದೇ ಏರನ್ನು ದಿನದಿನಕ್ಕೂ ಇನ್ನಷ್ಟು ನಿಧಾನವಾಗಿ ಹತ್ತಿದ್ದೆ. ಆ ಅಂಕಿಗಳನ್ನು ಆಗಲೂ ದಿನಾ ನೋಡಿದ್ದವನೇ ನಾನು. ಮೈಗಳ್ಳತನ ಎಂದುಕೊಂಡು ಇನ್ನಷ್ಟು ಓಡಿದ್ದೆ. ಬೇಡದ ಅಳತೆಯನ್ನು ಬಿಟ್ಟು ಬರೆಯುವ ವಿದ್ಯಾರ್ಥಿಗೆ ನಾನು ಪ್ರಯೋಗಾಲಯದಲ್ಲಿ ಅಂಕ ಕೊಡುವುದಿಲ್ಲ.

ಮರುದಿನ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಇದನ್ನ ಮೊದಲ್ನೇ ದಿನಾನೇ ಹೇಳ್ಬಾರ್ದಿತ್ತಾ ಸರ್?" ತಿಂಗಳುಗಟ್ಟಲೆ ದುಡಿದು ಸೋತ ನರಕ್ಕೆ ಬರೀ ವಿಶ್ರಾಂತಿ ಸಾಲದು, ಅದಕ್ಕೆ ಸ್ವಲ್ಪ ಸ್ವಲ್ಪವೇ ಭಾರ ಹೊರುವುದನ್ನು ಮತ್ತೆ ಕಲಿಸಬೇಕು ಎಂದರು. ಹನ್ನೆರಡು ವಾರ ಓಟವಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಬೆಳಿಗ್ಗೆ ಮತ್ತು ಸಂಜೆ. ಕಾಲು ಹೇಗಿದೆ ಎಂಬುದನ್ನು ಆ ಕ್ಷಣಕ್ಕಲ್ಲ, ಮರುದಿನ ಬೆಳಿಗ್ಗೆ ಇಡುವ ಮೊದಲ ಹೆಜ್ಜೆಯಲ್ಲಿ ನೋಡಬೇಕು.

ಇಷ್ಟು ಬೇಸರದ ಕೆಲಸವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಒಂದು ಸಂಜೆ ದಾರಿಯಲ್ಲಿ ಹೋಗುತ್ತಿದ್ದ ರೈಟರ್ ನಿಂತು ನೋಡಿದರು. "ಮೇಷ್ಟ್ರೇ, ಹತ್ತೋದೋ ಇಳಿಯೋದೋ, ಒಂದು ತೀರ್ಮಾನಕ್ಕೆ ಬನ್ನಿ!" ಒಂದು ದಿನವೂ ತಪ್ಪಿಸಲಿಲ್ಲ ಎಂದು ನನ್ನ ನೆನಪು. ನಾಲ್ಕು ದಿನ ತಪ್ಪಿಸಿದ್ದೇನೆ ಎನ್ನುತ್ತಾಳೆ ಹೆಂಡತಿ. ಈಗೀಗ ಅವಳ ಲೆಕ್ಕವನ್ನೇ ಒಪ್ಪುತ್ತೇನೆ.

ಹದಿಮೂರನೆಯ ವಾರ ಅಪ್ಪಣೆ ಸಿಕ್ಕಿತು: ಒಂದೇ ಕಿಲೋಮೀಟರ್, ಗಡಿಯಾರ ಕಟ್ಟದೆ, ಮಾತಾಡುತ್ತಾ ಓಡಬಹುದಾದಷ್ಟು ನಿಧಾನ. ಓಡಿದೆ. ಅಂದಾಜಿನ ಮೇಲೆ ಒಂದು ಸಿಲ್ವರ್ ಓಕ್ ಮರದವರೆಗೆ ಹೋಗಿ ತಿರುಗಿದೆ. ಮನೆಗೆ ಬಂದಾಗ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಗಿತ್ತು. ಹೇಳಿದಲ್ಲಿಗೆ ನಿಲ್ಲಿಸಿದವನೇ ಅಲ್ಲ ನಾನು. ಒಂದೂವರೆಯಾದರೂ ಆಗಿರಬೇಕು, ನಾಳೆ ಮತ್ತೆ ಗೋಡೆಯೇ ಗತಿ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಕಾಲು ನೆಲಕ್ಕಿಟ್ಟೆ. ನೋವಿರಲಿಲ್ಲ. ಬಚ್ಚಲಿಗೆ ಹೋಗಿ ಬಂದು, ನಂಬಿಕೆ ಬಾರದೆ ಇನ್ನೊಂದು ಸಲ ಹೋಗಿ ಬಂದೆ.

ಆ ಭಾನುವಾರ ಸ್ಕೂಟರ್ ತೆಗೆದುಕೊಂಡು ನಮ್ಮ ಗೇಟಿನಿಂದ ನಾನು ತಿರುಗಿದ ಸಿಲ್ವರ್ ಓಕ್ ಮರದವರೆಗೂ, ಅಲ್ಲಿಂದ ಮತ್ತೆ ಗೇಟಿನವರೆಗೂ ಅಳೆದೆ. ಎರಡು ಸಲ ಅಳೆದೆ. ನಾನು ಓಡಿದ್ದು ಒಟ್ಟು ಎಂಟುನೂರು ಮೀಟರ್.