ಕಾರ್ಡಕ್ಕನ ಆರು ತಿಂಗಳು

ನಮ್ಮ ಕಟ್ಟಡದಲ್ಲಿ ಎರಡು ಸಂಸ್ಥೆಗಳಿವೆ. ಕೆಳಗಿನ ಮಹಡಿಯವರು ಇಲ್ಲದವರ ಮನೆಯ ಮಕ್ಕಳನ್ನು ಶಾಲೆಯ ಕೊನೆಯ ಪರೀಕ್ಷೆಯವರೆಗೆ ಕೈಹಿಡಿದು ನಡೆಸುತ್ತಾರೆ. ಮೇಲಿನ ಮಹಡಿಯ ನಾವು ಅದೇ ಮಕ್ಕಳನ್ನು ಕಾಲೇಜು ಮುಗಿಸುವವರೆಗೆ ನೋಡಿಕೊಳ್ಳುತ್ತೇವೆ. ನಡುವೆ ಇಪ್ಪತ್ತೆರಡು ಮೆಟ್ಟಿಲು. ನಮ್ಮ ಕರಪತ್ರದಲ್ಲಿ ಇದನ್ನು ‘ಪರಿಣಾಮಕಾರಿ ಸಹಭಾಗಿತ್ವ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇವೆ. ಬರೆದವನು ನಾನೇ, ಹಾಗಾಗಿ ಅದನ್ನು ಬೈಯುವ ಹಕ್ಕೂ ನನ್ನದೇ.

ಕಾರ್ಡಕ್ಕ ಕೆಳಗಿನ ಮಹಡಿಯವರು. ಹೆಸರು ಮಕ್ಕಳು ಇಟ್ಟಿದ್ದು. ಅವರ ಬಳಿ ಒಂದೊಂದು ಮಗುವಿಗೂ ಒಂದು ನೀಲಿ ಕಾರ್ಡು. ಅದರಲ್ಲಿ ಅಂಕಗಳಿಗಿಂತ ಬೇರೆ ಸಂಗತಿಗಳೇ ಹೆಚ್ಚು: ‘ಲೆಕ್ಕದ ಪರೀಕ್ಷೆ ಅಂದರೆ ಹೊಟ್ಟೆನೋವು ಬರುತ್ತದೆ’, ‘ಅಪ್ಪನ ವಿಷಯ ಎತ್ತಬಾರದು’, ‘ಹೊಗಳಿದರೆ ನಂಬುವುದಿಲ್ಲ, ಬೈದರೆ ನಂಬುತ್ತಾನೆ’. ಐವತ್ನಾಲ್ಕು ವರ್ಷ, ಮೂಗಿನ ತುದಿಗೆ ಜಾರಿದ ಕನ್ನಡಕ, ಅಳೆದು ತೂಗಿ ಆಡುವ ಮಾತು. ಮದುವೆಯಾಗಿಲ್ಲ. ಅಮ್ಮ ಇರುವವರೆಗೆ ಅಮ್ಮನ ಜೊತೆ ಇದ್ದರು, ಆಮೇಲೆ ಬೀಗ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ.

ಒಮ್ಮೆ ಜ್ವರ ಅಂತ ಅವರನ್ನು ನೋಡಲು ಹೋಗಿದ್ದೆ. ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನನ್ನನ್ನು ಕೂರಿಸಿ ತಾವು ಮಂಚದ ಅಂಚಿಗೆ ಕೂತರು. ಲೋಟ ಎರಡಿದ್ದವು, ಒಂದರಲ್ಲಿ ಪೆನ್ನುಗಳಿದ್ದವು. ಪೆನ್ನುಗಳನ್ನು ಕಿಟಕಿಯ ಮೇಲಿಟ್ಟು, ಲೋಟವನ್ನು ಎರಡು ಸಲ ತೊಳೆದು, ಅದರಲ್ಲಿ ಟೀ ಕೊಟ್ಟರು.

“ಖಾಲಿ ಇತ್ತಲ್ಲ, ಪೆನ್ನುಗಳಿಗೆ ಬಾಡಿಗೆಗೆ ಕೊಟ್ಟಿದ್ದೆ,” ಅಂದರು. ನಾನು ನಕ್ಕೆ. ಅವರೂ ನಕ್ಕರು, ಆದರೆ ನನಗಿಂತ ಮೊದಲೇ ನಿಲ್ಲಿಸಿದರು.

ಇನ್ನು ನಿಯಮದ ಕಥೆ. ಎರಡು ಸಂಸ್ಥೆಗಳು ಕೈಜೋಡಿಸಿದ ಮೊದಲ ವರ್ಷ ಮಕ್ಕಳು ನಮಗೆ ಒಗ್ಗಲೇ ಇಲ್ಲ. ಕಾಲೇಜಿನಲ್ಲಿ ಏನಾದರೂ ತೊಡಕಾದರೆ ಸೀದಾ ಕಾರ್ಡಕ್ಕನಿಗೇ ಫೋನು. ನಮ್ಮ ಮಾರ್ಗದರ್ಶಿಗಳು ಮುಖ ಊದಿಸಿಕೊಂಡರು. ಹೀಗಾದರೆ ನಾವು ಯಾಕಿರಬೇಕು ಎಂದು ನಮ್ಮ ಮುಖ್ಯಸ್ಥೆ ಮೇಡಂ ಕೆಳಗೆ ಹೋಗಿ ಗಲಾಟೆ ಮಾಡಿ ಬಂದರು. ಒಪ್ಪಂದ ಮುರಿದುಬೀಳುವುದರಲ್ಲಿತ್ತು. ಆಗ ಕಾರ್ಡಕ್ಕನೇ ಒಂದು ದಾರಿ ಹೇಳಿದರು: ಮಗುವನ್ನು ಮೇಲಿನವರಿಗೆ ಒಪ್ಪಿಸಿದ ದಿನದಿಂದ ಆರು ತಿಂಗಳು ಹಳೆಯ ಮಾರ್ಗದರ್ಶಿ ಫೋನ್ ಮಾಡಬಾರದು, ಬಂದರೆ ಎತ್ತಲೂಬಾರದು. ಮಗು ಹೊಸಬರಿಗೆ ಒಗ್ಗಲಿ.

ಎಲ್ಲರೂ ಭೇಷ್ ಅಂದರು. ಆ ನಿಯಮದಿಂದ ಬೇರೆ ಯಾರಿಗೂ ಏನೂ ಕಷ್ಟವಾಗಲಿಲ್ಲ. ಅವರವರಿಗೆ ಮನೆ, ಮಕ್ಕಳು, ವಾರದ ಕೊನೆಗೆ ನೆಂಟರು ಇದ್ದರು. ಕಾರ್ಡಕ್ಕನ ಫೋನು ಮಾತ್ರ ಒಪ್ಪಿಸುವ ದಿನದ ಮಾರನೆಯ ದಿನದಿಂದ ಸುಮ್ಮನಾಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಕಿಟಕಿಯ ಪಕ್ಕ ಒಬ್ಬರೇ ಊಟ ಮಾಡುವಾಗ ಫೋನನ್ನು ಬುತ್ತಿಯ ಮುಚ್ಚಳಕ್ಕೆ ಒರಗಿಸಿ ನಿಲ್ಲಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೋಗಿ ಜೊತೆಗೆ ಕೂರಬಹುದಿತ್ತು. ಕೂರಲಿಲ್ಲ.

ಎರಡು ವರ್ಷದ ಹಿಂದೆ ಒಪ್ಪಿಸಿದ ಮಕ್ಕಳಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವಳು. ಹುಡುಗಿಯನ್ನು ಎಲ್ಲರೂ ಗಡಿಬಿಡಿ ಅಂತಲೇ ಕರೆಯುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಇಳಿಯುವವಳು, ಪ್ರಶ್ನೆ ಪೂರ್ತಿ ಕೇಳದೆ ಉತ್ತರ ಹೇಳುವವಳು. ಅವಳ ನೀಲಿ ಕಾರ್ಡಿನಲ್ಲಿ ಕಾರ್ಡಕ್ಕ ಬರೆದಿದ್ದರು: ‘ಕಾಯುವುದು ಗೊತ್ತಿಲ್ಲ. ಕಲಿಸಬೇಕು.’

ಗಡಿಬಿಡಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಒಪ್ಪಿಸುವ ದಿನ ಫೋಟೋ ತೆಗೆದೆವು. ಮೂರು ವಾರ ಕಳೆದು ಅವಳು ಪ್ರವೇಶಕ್ಕೆ ಹೋದಾಗ ಶಾಲೆಯ ಅಸಲು ವರ್ಗಾವಣೆ ಪತ್ರವೇ ಇಲ್ಲ. ಎರಡು ದಿನದೊಳಗೆ ತನ್ನಿ ಅಂದರು ಕಾಲೇಜಿನವರು. ಆ ಎರಡು ದಿನದಲ್ಲಿ ಅವಳು ಕಾರ್ಡಕ್ಕನಿಗೆ ಏಳು ಸಲ ಫೋನ್ ಮಾಡಿದಳು.

ಕಾರ್ಡಕ್ಕ ಎತ್ತಲಿಲ್ಲ. ಫೋನನ್ನು ಬೋರಲು ಹಾಕಿ, ಮೇಲೊಂದು ದಪ್ಪ ರಿಜಿಸ್ಟರ್ ಇಟ್ಟರು. ಹುಡುಗಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದರು. ಮೇಲಿನವರು ನೋಡಿಕೊಳ್ಳುತ್ತಾರಲ್ಲ!

ಮೇಲಿನವರು ಅಂದರೆ ನಾವು. ಮಗುವಿಗೆ ಕಾಲೇಜಿನ ನೋಂದಣಿ ಸಂಖ್ಯೆ ಬಂದ ಮೇಲಷ್ಟೇ ನಮ್ಮ ಪಟ್ಟಿಯಲ್ಲಿ ಹೆಸರು ಏರುವುದು, ಮಾರ್ಗದರ್ಶಿ ನಿಗದಿಯಾಗುವುದು. ಗಡಿಬಿಡಿಗೆ ಸಂಖ್ಯೆ ಬರಲಿಲ್ಲ, ಹಾಗಾಗಿ ನಮ್ಮ ಪಟ್ಟಿಯಲ್ಲಿ ಅವಳು ಇರಲೇ ಇಲ್ಲ. ಕೆಳಗಿನವರ ಪುಸ್ತಕದಲ್ಲಿ ‘ಒಪ್ಪಿಸಲಾಗಿದೆ’ ಎಂದು ಗುರುತು. ಇಪ್ಪತ್ತೆರಡು ಮೆಟ್ಟಿಲಿನ ನಡುವೆ ಎಲ್ಲೋ ಆ ಹುಡುಗಿಯನ್ನು ಬಿಟ್ಟುಬಿಟ್ಟೆವು. ಸೀಟು ಮುಂದಿನವರ ಪಾಲಾಯಿತು.

ಪತ್ರ ಎಲ್ಲಿತ್ತು? ಕಾರ್ಡಕ್ಕನ ಬೀರುವಿನಲ್ಲಿ. ಹಾಸ್ಟೆಲ್ ಅರ್ಜಿಗೆ ನಕಲು ತೆಗೆಸಲು ಇಸಿದುಕೊಂಡವರು ವಾಪಸ್ ಕೊಡುವುದನ್ನು ಮರೆತಿದ್ದರು. ಮೂರು ತಿಂಗಳ ನಂತರ ಬೀರು ಜೋಡಿಸುವಾಗ ಕೈಗೆ ಸಿಕ್ಕಿತು. ಅಂದು ಅವರು ಮೆಟ್ಟಿಲು ಹತ್ತಿ ಬಂದು, “ಗಡಿಬಿಡಿ ಹೇಗಿದಾಳೆ?” ಎಂದು ನನ್ನನ್ನು ಕೇಳಿದ್ದು ನೆನಪಿದೆ.

“ಅವಳು ಬರಲೇ ಇಲ್ವಲ್ಲ ಅಕ್ಕಾ. ಮನೇಲಿ ಏನೋ ತೊಂದರೆ ಇರ್ಬೇಕು ಅಂದ್ಕೊಂಡ್ವಿ,” ಅಂದೆ.

ಅವರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಮಂಡಿ ನೋವೇನೋ ಅಂದುಕೊಂಡೆ ನಾನು, ಮಹಾ ಬುದ್ಧಿವಂತ. ಪತ್ರದ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ, ಹುಡುಗಿಗೂ ಫೋನ್ ಮಾಡಲಿಲ್ಲ. ನಾಚಿಕೆ ಅವರ ಬಾಯಿ ಕಟ್ಟಿತ್ತು.

ಈ ವರ್ಷ ಒಪ್ಪಂದ ನವೀಕರಿಸುವ ಸಭೆ. ಎರಡೂ ಮಹಡಿಯವರು ಒಂದೇ ಮೇಜಿನ ಸುತ್ತ ಕೂತಿದ್ದೆವು. ನಮ್ಮ ಮೇಡಂ ಗೋಡೆಯ ಮೇಲೆ ಪಟ್ಟಿ ತೋರಿಸುತ್ತಿದ್ದರು. ಎರಡು ವರ್ಷದ ಹಿಂದೆ ಕೆಳಗಿನವರು ಒಪ್ಪಿಸಿದ ಮೂವತ್ತೊಂದು ಮಕ್ಕಳಲ್ಲಿ ಕಾಲೇಜು ಸೇರದವಳು ಒಬ್ಬಳೇ, ಕಾರಣದ ಕಾಲಂನಲ್ಲಿ ‘ಸ್ವಂತ ಕಾರಣ’. ಅದನ್ನು ತುಂಬಿದವನೂ ನಾನೇ. ಮೇಡಂ ಇನ್ನೊಂದು ಸುದ್ದಿ ಹೇಳಿದರು: ಹೀಗೆ ಸೀಟು ಕಳೆದುಕೊಂಡವರನ್ನು ಮತ್ತೆ ಸೇರಿಸಿಕೊಳ್ಳಲು ಆ ಕಾಲೇಜು ಒಪ್ಪಿದೆ, ಈ ಸಲ ಮಾತ್ರ, ಶುಕ್ರವಾರ ಕೊನೆಯ ದಿನ.

ಕಾರ್ಡಕ್ಕ ಎದ್ದು ನಿಂತರು. ಬ್ಯಾಗಿನಿಂದ ಪ್ಲಾಸ್ಟಿಕ್ ಹಾಳೆಯೊಳಗಿದ್ದ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಎರಡು ವರ್ಷ ದಿನಾ ಅದನ್ನು ಹೊತ್ತು ತಿರುಗುತ್ತಿದ್ದರು ಎಂದು ನಮಗೆ ಗೊತ್ತಾಗಿದ್ದು ಆಗ.

“ಅದು ಸ್ವಂತ ಕಾರಣ ಅಲ್ಲ,” ಅಂದರು. “ಪತ್ರ ನನ್ನ ಬೀರುವಲ್ಲಿತ್ತು. ಅವಳು ಏಳು ಸಲ ಫೋನ್ ಮಾಡಿದ್ಲು. ನಾನು ಎತ್ತಲಿಲ್ಲ. ಆ ನಿಯಮ ಮಾಡಿದ್ದೂ ನಾನೇ.”

ಆಮೇಲೆ ನಮ್ಮ ಮೇಡಂ, ಗಲಾಟೆಗೆ ಹೆಸರಾದವರು, ಮೆತ್ತಗೆ, “ನಮ್ಮ ಸಂಖ್ಯೆಯ ನಿಯಮಾನೂ ತೆಗೀಬೇಕು,” ಅಂದರು. ಆ ಮಧ್ಯಾಹ್ನ ಹೊಸ ಒಪ್ಪಂದವಾಯಿತು: ಒಪ್ಪಿಸುವುದು ಫೋಟೋದ ದಿನವಲ್ಲ, ಪ್ರವೇಶದ ದಿನ, ಹಳೆಯ ಮಾರ್ಗದರ್ಶಿ, ಹೊಸ ಮಾರ್ಗದರ್ಶಿ ಇಬ್ಬರೂ ಮಗುವಿನ ಜೊತೆ ಕಾಲೇಜಿಗೆ ಹೋಗಬೇಕು, ಯಾರ ಫೋನೂ ಮುಚ್ಚಿರಬಾರದು. ಇಷ್ಟು ಸಾಕಿತ್ತು. ಇಷ್ಟು ಹೊಳೆಯಲು ನಮಗೆ ಇಷ್ಟು ವರ್ಷ ಬೇಕಾಯಿತು.

ಹುಡುಗಿಗೆ ಫೋನ್ ಮಾಡಬೇಕಾದವರು ಯಾರು ಎಂದು ಯಾರೂ ಕೇಳಲಿಲ್ಲ. ಕಾರ್ಡಕ್ಕ ಕಿಟಕಿಯ ಬಳಿ ಹೋಗಿ ನಿಂತರು. ನಂಬರು ಬಾಯಿಪಾಠವಾಗಿತ್ತು. ಎರಡನೇ ರಿಂಗಿಗೇ ಅತ್ತಲಿಂದ, “ಹೇಳಿ ಅಕ್ಕಾ,” ಎಂದು ಕೇಳಿಸಿತು. ನಿನ್ನೆ ತಾನೇ ಮಾತಾಡಿದ್ದವರ ಹಾಗೆ. ಶುಕ್ರವಾರ, ಹತ್ತು ಗಂಟೆ, ಕಾಲೇಜಿನ ಗೇಟು ಎಂದಷ್ಟೇ ಕಾರ್ಡಕ್ಕ ಹೇಳಿದರು.

ಶುಕ್ರವಾರ ಹೊಸ ಮಾರ್ಗದರ್ಶಿಯಾಗಿ ಕಾರ್ಡಕ್ಕನ ಜೊತೆ ನಾನೂ ಹೋದೆ. ಹುಡುಗಿ ಹತ್ತಕ್ಕೆ ಸರಿಯಾಗಿ ಬಂದಳು. ಈಗ ಲಾಂಡ್ರಿಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸವಂತೆ. ಬೆರಳುಗಳು ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು. ಗುಮಾಸ್ತರು ಕಾಗದಗಳನ್ನೆಲ್ಲ ನೋಡಿ, ಪತ್ರಕ್ಕೆ ಮುದ್ರೆ ಒತ್ತಿ, ಕೂಗುವವರೆಗೆ ಹೊರಗೆ ಕೂತಿರಿ ಅಂದರು. ಸೀಟು ಸಿಕ್ಕಿತ್ತು. ಮೂವರೂ ಬೆಂಚಿನ ಮೇಲೆ ಕೂತೆವು, ಹುಡುಗಿ ನಡುವೆ. ಬಿಸ್ಕತ್ತಿನ ಪೊಟ್ಟಣ ಒಡೆದು ಮೊದಲು ನನಗೆ, ಆಮೇಲೆ ಕಾರ್ಡಕ್ಕನಿಗೆ ಕೊಟ್ಟಳು.

ಕಾರ್ಡಕ್ಕ ಬಿಸ್ಕತ್ತು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದರು. ಬೀರು, ಪತ್ರ, ಬೋರಲು ಹಾಕಿದ ಫೋನು, ಮೇಲಿಟ್ಟ ರಿಜಿಸ್ಟರು. “ತಪ್ಪಾಯ್ತು ಕಣೇ. ಆ ಏಳು ಸಲದಲ್ಲಿ ಒಂದು ಸಲ ಎತ್ತಬೇಕಿತ್ತು,” ಅಂದರು.

“ಅದು ಬಿಡಿ ಅಕ್ಕಾ,” ಅಂದಳು ಹುಡುಗಿ. “ಎತ್ತಲ್ಲ ಅಂತ ನೀವು ಮೊದಲೇ ಹೇಳಿದ್ರಲ್ಲ. ತಡೀಲಾರದೆ ಮಾಡ್ದೆ ಅಷ್ಟೆ.” ಮಡಿಲಲ್ಲಿ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ತಿಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

“ಆರು ತಿಂಗಳು ಅಂದಿದ್ರಿ ನೀವು. ನಾನು ದಿನಾ ಎಣಿಸ್ತಿದ್ದೆ. ಮುಗಿದ ಮಾರನೇ ದಿನ ಲಾಂಡ್ರಿಗೆ ರಜೆ ಹಾಕಿ ಮನೇಲೇ ಕೂತಿದ್ದೆ, ನೀವು ಫೋನ್ ಮಾಡ್ತೀರಿ ಅಂತ.”

ಒಳಗಿನಿಂದ ಗುಮಾಸ್ತರು ಅವಳನ್ನು ಕರೆದರು. ಅವಳು ಪೊಟ್ಟಣವನ್ನು ಕಾರ್ಡಕ್ಕನ ಕೈಗೆ ಕೊಟ್ಟು, ನಿಧಾನವಾಗಿ ಎದ್ದು ಒಳಗೆ ಹೋದಳು.