ಕಮಲ ಮೇಡಂ ಬೆರಳು ಎತ್ತದ ದಿನ

ಕಮಲ ಮೇಡಂ ಸುಮ್ಮನಿರುವುದನ್ನು ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಅವರೊಬ್ಬರನ್ನೇ ದೂರಿ ಫಲವಿಲ್ಲ. ಹುಟ್ಟಿದ್ದು ಮೇಲುಕೋಟೆಯಲ್ಲಿ, ಮಂತ್ರಪಾಠ ಹೇಳಿಕೊಡುವ ಜಯರಾಮಯ್ಯನವರ ಮಗಳಾಗಿ. ಅಲ್ಲಿ ಶಿಷ್ಯ ಒಂದು ಸ್ವರ ತಪ್ಪಿದರೂ ಗುರುಗಳ ಬೆರಳು ಮೇಲೇಳುತ್ತಿತ್ತು. ಮತ್ತೆ ಮೊದಲಿನಿಂದ ಶುರು. ತಪ್ಪನ್ನು ಹುಟ್ಟಿದಲ್ಲೇ ಚಿವುಟಬೇಕು ಎಂಬುದು ಆ ಮನೆಯ ಕಟ್ಟಳೆ. ಕಮಲ ಅದೇ ಬೆರಳನ್ನು ಮಾಕವಳ್ಳಿ ಕಡೆಯ ಹೈಸ್ಕೂಲಿನ ಇಂಗ್ಲಿಷ್ ತರಗತಿಗೂ ತಂದರು.

ಬೆರಳಿಗೆ ಹೆದರಿದ ಮಕ್ಕಳು ಸ್ವಂತ ಬರೆಯುವುದನ್ನೇ ಬಿಟ್ಟು ಗೈಡಿಗೆ ಶರಣಾದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಿಮ್ಮೂರಲ್ಲಿ ಕಂಡ ಒಂದು ಕೆಲಸದ ಬಗ್ಗೆ ಬರೆಯಿರಿ ಅಂದರೆ, ಹತ್ತನೇ ತರಗತಿಗೆ ತರಗತಿಯೇ ಗೈಡಿನ ಪ್ರಬಂಧ ಹಿಡಿದು ಮೈಸೂರಿನ ಮೃಗಾಲಯಕ್ಕೆ ಹೋಗಿಬಂತು. ಎಲ್ಲರೂ ಅದೇ ಹುಲಿಯನ್ನು ನೋಡಿದ್ದರು, ಅದೇ ಮರದ ಕೆಳಗೆ ಚಿತ್ರಾನ್ನ ತಿಂದಿದ್ದರು. ಕಮ್ಮಾರ ನಾಗರಾಜನ ಮಗಳು ದಿವ್ಯ ಮಾತ್ರ ಎಲ್ಲಿಗೂ ಹೋಗಿರಲಿಲ್ಲ; ಅವಳ ಹಾಳೆ ಖಾಲಿ ಇತ್ತು. ಕೇಳಿದ್ದಕ್ಕೆ, ಇಂಗ್ಲಿಷ್ ತನ್ನ ತಲೆಗೆ ಹತ್ತುವುದಿಲ್ಲ, ದೊಡ್ಡ ಪರೀಕ್ಷೆಗೆ ಕೂರುವುದೇ ಇಲ್ಲ ಎಂದಳು. ಆ ಮಾತು ಕಮಲ ಅವರ ಎದೆಗೆ ನಾಟಿತು.

ಪಾಂಡವಪುರದ ತರಬೇತಿಯೊಂದರಲ್ಲಿ ಬ್ರೈನ್‌ಸ್ಟಾರ್ಮಿಂಗ್ ಎಂಬುದನ್ನು ಹೇಳಿಕೊಟ್ಟಿದ್ದರು. ಬರೆಯುವ ಮುಂಚೆ ವಿಷಯದ ಬಗ್ಗೆ ತಲೆಗೆ ಬಂದದ್ದನ್ನೆಲ್ಲ ಎಲ್ಲರೂ ಸೇರಿ ಬೋರ್ಡಿನ ಮೇಲೆ ಸುರಿಯಬೇಕು. ಸರಿ ತಪ್ಪಿನ ಮಾತು ಯಾರೂ ಎತ್ತುವಂತಿಲ್ಲ. ಆಮೇಲೆ ಒಂದಕ್ಕೊಂದು ಹೊಂದುವುದನ್ನು ಗೆರೆ ಎಳೆದು ಕೂಡಿಸಿ, ಅದನ್ನು ಹಿಡಿದು ಬರೆಯುವುದು. ಹೆಡ್‌ಮಾಸ್ಟರ್ ಸುಧೀಂದ್ರ ಅವರಿಗೆ ಇದು ಬರೀ ಸಂತೆಗದ್ದಲ. ಪೂರ್ವಸಿದ್ಧತಾ ಪರೀಕ್ಷೆವರೆಗೆ ಮಾಡಿ ನೋಡಿ, ಮಕ್ಕಳು ಬರೆಯದಿದ್ದರೆ ಮತ್ತೆ ಗೈಡೇ ಗತಿ ಎಂದರು.

ಮೊದಲ ದಿನವೇ ಎಡವಟ್ಟಾಯಿತು. ಕಬ್ಬು ಕಡಿಯುವುದರ ಬಗ್ಗೆ ಶಶಾಂಕ್ ಎಂಬ ಹುಡುಗ ಧೈರ್ಯ ಮಾಡಿ ಎದ್ದು ತಪ್ಪುತಪ್ಪು ಇಂಗ್ಲಿಷಿನಲ್ಲಿ ಏನೋ ಹೇಳಿದ. ಕಮಲ ಅವರ ಬೆರಳು ತಾನಾಗಿ ಮೇಲೆದ್ದಿತು. ಅಷ್ಟೇ, ಇಡೀ ತರಗತಿಯ ಬಾಯಿಗೆ ಬೀಗ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆಯೇ? ಆ ಸಂಜೆ ಬಸ್ಸಿನಲ್ಲಿ ಕೂತ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಮರುದಿನ ಸೀಮೆಸುಣ್ಣವನ್ನು ದಿವ್ಯಳ ಕೈಗೆ ಕೊಟ್ಟು, ತಾವು ಹಿಂದಿನ ಬೆಂಚಿಗೆ ಹೋಗಿ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ವಿಷಯ ಕುಲುಮೆ. ಕನ್ನಡದಲ್ಲಾದರೂ ಹೇಳಿ, ಇಂಗ್ಲಿಷನ್ನು ಆಮೇಲೆ ಹುಡುಕೋಣ ಎಂದರು. ಮೊದಲು ಬರೀ ಪಿಸುಪಿಸು. ಆಮೇಲೆ ಯಾರೋ ಕಿಡಿ ಎಂದರು. ಇನ್ಯಾರೋ ಸುತ್ತಿಗೆ, ಬೆವರು, ಕಬ್ಬಿನ ಕಾಲಕ್ಕೆ ಸಾಣೆಗೆ ಬರುವ ಮಚ್ಚುಗಳ ರಾಶಿ. ಬೋರ್ಡು ತುಂಬಿತು, ತಪ್ಪುಗಳೂ ತುಂಬಿದವು. ಕಮಲ ಅವರ ಬೆರಳು ತುರಿಸುತ್ತಿತ್ತು. ಅವರು ಇನ್ನೂ ಗಟ್ಟಿಯಾಗಿ ಅದರ ಮೇಲೆ ಕೂತರು. ಅಷ್ಟರಲ್ಲಿ ದಿವ್ಯ ಬೋರ್ಡಿನಿಂದ ಹಿಂದೆ ತಿರುಗಿದಳು.

“ಮಿಸ್, ನಮ್ಮಪ್ಪ ಮನೇಲಿ ತುಟಿ ಬಿಚ್ಚಾಕಿಲ್ಲ. ಕುಲುಮೆ ಮುಂದೆ ಕುಂತ್ರೆ ಮಾತ್ರ ರಾಗ ತೆಗ್ದು ಪದ ಯೋಳ್ಕೊತಾರೆ. ಅದ್ನೂ ಬರೀಬೋದಾ?”

ಬರಿ ಎಂಬಂತೆ ಕಮಲ ತಲೆಯಾಡಿಸಿದರು.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಸುಧೀಂದ್ರ ತಾವೇ ತರಿಸಿಕೊಂಡು ನೋಡಿದರು. ಪ್ರಶ್ನೆ ಈ ಸಲವೂ ಕಣ್ಣಾರೆ ಕಂಡ ಒಂದು ಕೆಲಸದ್ದೇ. ಒಬ್ಬ ಕಬ್ಬಿನ ಗದ್ದೆಯಲ್ಲಿದ್ದ, ಇನ್ನೊಬ್ಬಳು ಬೆಳ್ಳೂರಿನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಮಾವನ ಪಕ್ಕದಲ್ಲಿದ್ದಳು. ಹುಲಿ ಎಲ್ಲೂ ಕಾಣಲಿಲ್ಲ. ಎಲ್ಲ ಹಾಳೆಗಳಲ್ಲೂ ಕೆಂಪು ಶಾಯಿ ಧಾರಾಳವಾಗಿತ್ತು. ದಿವ್ಯ ಒಂದು ಪುಟ ದಾಟಿ ಬರೆದಿದ್ದಳು.

“ಏನ್ರೀ ಮೇಡಂ, ಮೊದ್ಲಿಗಿಂತ ತಪ್ಪೇ ಜಾಸ್ತಿ ಆಗಿದ್ಯಲ್ರೀ?”

“ಹೌದು ಸಾರ್. ಮೊದ್ಲು ಸರಿ ಇದ್ದದ್ದೂ ಅವರದಲ್ಲ. ಈಗ ತಪ್ಪಾದ್ರೂ ಅವರದು.”

ಸುಧೀಂದ್ರ ಗೈಡಿನ ಮಾತು ಎತ್ತಲಿಲ್ಲ. ದಿವ್ಯಳ ಹಾಳೆಯನ್ನು ಕೆಳಗಿಟ್ಟವರು ಮತ್ತೆ ಕೈಗೆತ್ತಿಕೊಂಡು ಕೊನೆಯವರೆಗೂ ಓದಿದರು. ಆಮೇಲೆ ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು:

“ನಮ್ಮ ನಾಗರಾಜ ಪದ ಹೇಳ್ತಾನೇನ್ರೀ? ಇಷ್ಟು ವರ್ಷದಿಂದ ನೋಡ್ತಿದ್ದೀನಿ, ನಂಗೆ ಗೊತ್ತೇ ಇರ್ಲಿಲ್ಲ.”