ಮಶೀನಿಗೆ ಗುರುತು ಸಿಗದ ಹೆಬ್ಬೆರಳು

ಗುರ್‌ರ್ ಎಂದು ಎದ್ದ ಡ್ರಿಲ್ಲಿನ ಸದ್ದು ಗೋಲದೊಳಗೆ ಇಳಿದಂತೆಲ್ಲ ದಪ್ಪವಾಗಿ, ಕೊನೆಗೆ ಗಂಟಲು ಕಟ್ಟಿದವರ ದನಿಯಂತೆ ನಿಂತಿತು. ಅಂಬರಾಯ ಪುಡಿಯನ್ನು ಊದಿ, ತೂತಿಗೆ ತನ್ನ ಹೆಬ್ಬೆರಳು ಇಳಿಸಿದ. ದುಂಡಗಿತ್ತು. ದುಂಡನೆಯ ತೂತು ಯಾರು ಬೇಕಾದರೂ ಕೊರೆಯುತ್ತಾರೆ. ಕೆಲಸ ಶುರುವಾಗುವುದೇ ಆಮೇಲೆ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯ ಆ ಕ್ಲಬ್ಬಿನಲ್ಲಿ ಬೌಲಿಂಗ್ ಆಟಕ್ಕೆ ನಾಲ್ಕು ಉದ್ದನೆಯ ಮರದ ಹಾದಿಗಳಿವೆ. ಭಾರದ ಗೋಲ ಉರುಳಿಸಿ ಆ ತುದಿಯ ಹತ್ತು ಗೂಟ ಬೀಳಿಸಬೇಕು. ಗೋಲಕ್ಕೆ ಮೂರು ತೂತು. ಎರಡು ಬೆರಳಿಗೆ, ಒಂದು ಹೆಬ್ಬೆರಳಿಗೆ. ಮೊದಲು ಹೈದರಾಬಾದಿನವನೊಬ್ಬ ಬಂದು ಕೊರೆಯುತ್ತಿದ್ದ. ಅವನು ಬರುವುದು ನಿಂತಾಗ, ಅಡುಗೆಮನೆಯ ಫರಸಿ ಕಲ್ಲಿಗೆ ನಳದ ತೂತು ಕೊರೆಯುತ್ತಿದ್ದ ಅಂಬರಾಯನನ್ನು ಕರೆದರು. ಅದಕ್ಕೀಗ ಹನ್ನೆರಡು ವರ್ಷ.

ಯಾರ ಹೆಬ್ಬೆರಳೂ ದುಂಡಗಿರುವುದಿಲ್ಲ ಎಂದು ಅವನು ಮೊದಲ ವಾರವೇ ಕಂಡುಕೊಂಡಿದ್ದ. ಒಬ್ಬರದು ಬಾದಾಮಿಯಂತೆ, ಒಬ್ಬರದು ಒಂದು ಮಗ್ಗುಲಿಗೆ ಉಬ್ಬಿದ ಹುಣಸೆಬೀಜದಂತೆ. ಆಡುವವರ ಬೆರಳನ್ನು ಕಾಗಿಣಾ ಹೊಳೆಯ ಮಣ್ಣಿನಲ್ಲಿ ಒತ್ತಿಸಿ, ಆ ಗುಳಿಯಲ್ಲಿ ತನ್ನ ಬೆರಳಾಡಿಸಿ, ಅಳತೆಯನ್ನು ಬೆರಳಲ್ಲೇ ಇಟ್ಟುಕೊಂಡು, ಮಣ್ಣನ್ನು ಮತ್ತೆ ಮುದ್ದೆ ಮಾಡಿಬಿಡುತ್ತಿದ್ದ. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಕೊನೆಯ ನುಣುಪೂ ಬೆರಳಿನದೇ. ಕಲ್ಲಿನ ಪುಡಿ, ನೀರು ಹಚ್ಚಿ ತೂತಿನೊಳಗೆ ತಾಸುಗಟ್ಟಲೆ ತೀಡುತ್ತಿದ್ದ. ಅಪ್ಪ ಫರಸಿಯ ಅಂಚನ್ನು ಹಾಗೆಯೇ ತೀಡುತ್ತಿದ್ದ. ಉಸುಕಿನ ಕಾಗದ ಗೀರು ಬಿಡುತ್ತದೆ, ಬೆರಳು ಬಿಡುವುದಿಲ್ಲ.

ಬೆರಳಿನ ಗೆರೆಗಳು ಮಾತ್ರ ಗೋಲಗಳೊಳಗೆ ಸವೆದುಹೋದವು.

ಹೋದ ವರ್ಷ ಬಾಗಿಲಲ್ಲಿ ಬೆರಳಚ್ಚು ನೋಡುವ ಹಾಜರಿಯ ಮಶೀನು ಕೂಡಿಸಿದರು. ಎಲ್ಲರಿಗೂ ಹಸಿರು ದೀಪ, ಅಂಬರಾಯನಿಗೆ ಕೆಂಪು. ಹತ್ತು ಬೆರಳೂ ಇಟ್ಟು ನೋಡಿದ. ಕಾವಲುಗಾರ ಅಮೀರ್ ಅಲಿ ನಕ್ಕಿದ್ದ: "ಅಂಬರಾಯ್ ಭಾಯ್, ನಿನ್ನ ಬೆರಳು ಫರಸಿ ಆಗ್ಯಾದ. ಮ್ಯಾಲೆ ನಿಂತ ನೊಣ ಸುದ್ದಾ ಜಾರಿ ಬೀಳ್ತದ." ಮ್ಯಾನೇಜರ್ ಸಂತೋಷಕುಮಾರ, "ಹಾಜರಿ ವಹಿಯೊಳಗ ಸಹಿ ಮಾಡ್ರಿ, ಸಾಕು" ಎಂದಿದ್ದ. ಅಂಬರಾಯ ದಿನಾ ಸಹಿ ಮಾಡಿದ. ಒಂದು ದಿನವೂ ತಪ್ಪಿಸಲಿಲ್ಲ.

ಇವತ್ತು ಖಾಯಂ ಆದವರ ಪಟ್ಟಿ ಬಾಗಿಲಿಗೆ ಅಂಟಿತ್ತು. ಹೋದ ವರ್ಷವಷ್ಟೇ ಬಂದ ಕಸ ಗುಡಿಸುವವನ ಹೆಸರೂ ಇತ್ತು. ಅಂಬರಾಯನದು ಇರಲಿಲ್ಲ. ಅಮೀರ್ ಅಲಿ ಎರಡು ಸಲ ಓದಿ, ಈ ಸಲ ನಗಲಿಲ್ಲ.

ಡ್ರಿಲ್ಲು ನಿಂತದ್ದು ಕೇಳಿ ಸಂತೋಷಕುಮಾರ ಒಳಗೆ ಬಂದ.

"ಅಂಬರಾಯಣ್ಣ, ಅಧ್ಯಕ್ಷ ಸಾಹೇಬ್ರ ಗೋಲ ಆತೇನ್ರಿ? ಸಂಜಿಕ ಪಂದ್ಯ ಅದ."

"ಪಟ್ಟಿಯಾಗ ನನ್ನ ಹೆಸರಿಲ್ರಿ."

"ನಾ ಏನ್ ಮಾಡ್ಲಿ? ಪಟ್ಟಿ ಮಶೀನ್ ನೋಡಿ ತೆಗದಾರ. ಅದರ ಪ್ರಕಾರ ನೀವು ವರ್ಷದಾಗ ಒಂದ್ ದಿನಾನೂ ಬಂದಿಲ್ಲ."

"ಬಂದಿಲ್ಲಂದ್ರ ಇವೆಲ್ಲಾ ಯಾರು ಕೊರದಾರ್ರಿ?" ಗೋಡೆಯ ಹಲಗೆಯ ಮೇಲೆ ಮೂವತ್ತು ಗೋಲಗಳು ಸಾಲಾಗಿ ಕುಳಿತಿದ್ದವು. "ವಹಿ ತೋರಿಸ್ರಿ ಅವರಿಗಿ. ನೀವೇ ಅಂದಿದ್ರಿ ಸಾಕಂತ."

"ಅಂದಿದ್ದೆ. ವಹಿ ನಡ್ಯಾಂಗಿಲ್ಲ ಅಂತ ನನಗರ ಏನ್ ಗೊತ್ತು? ಮುಂದಿನ ವರ್ಷ ಮಾರಿ ನೋಡಿ ಗುರ್ತ ಹಿಡಿಯೋ ಮಶೀನ್ ಬರ್ತದಂತ. ಆವಾಗ ನಾ ಖುದ್ದ ಬರದು ಕಳಸ್ತೀನಿ. ಈಗ ಇದಷ್ಟು ಮುಗಸ್ರಿ. ಹೋದ ಸಲ ಬ್ಯಾರೆಯವರ ಗೋಲದಾಗ ಸಾಹೇಬ್ರ ಬೆರಳಿನ ಚರ್ಮ ಸುಲದು ಭಾಳ ಒದ್ದಾಡ್ಯಾರ."

ಅಂಬರಾಯ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ. ಅಧ್ಯಕ್ಷರ ಬೆರಳು ಬುಡದಲ್ಲಿ ಎಡಕ್ಕೆ ಉಬ್ಬಿದೆ, ಗಿಣ್ಣಿನ ಬಳಿ ಸಣ್ಣದಾಗುತ್ತದೆ. ಮುಂಜಾನೆಯೇ ಮಣ್ಣಿನಲ್ಲಿ ಮುಟ್ಟಿ ನೋಡಿದ್ದ. ಮಣ್ಣು ಈಗ ಮೂಲೆಯಲ್ಲಿ ಮುದ್ದೆಯಾಗಿತ್ತು. ದುಂಡನೆಯ ತೂತಿನ ಆ ಗೋಲವನ್ನು ಎರಡೂ ಕೈಯಿಂದ ಎತ್ತಿ ಸಂತೋಷಕುಮಾರನ ಕೈಗಿಟ್ಟ. ಭಾರಕ್ಕೆ ಅವನು ಮುಂದೆ ಬಾಗಿದ.

"ಏ, ಇದು ಮುಗದಿಲ್ಲಲ್ಲ! ಉಳದದ್ದು ಯಾರ ಕೈಲಿ ಮಾಡಸ್ಲಿ? ಸಾಹೇಬ್ರ ಅಳತಿ ಎಲ್ಲಿ ಬರದಿಟ್ಟೀರಿ?"

ಅಂಬರಾಯ ಚಪ್ಪಲಿ ಮೆಟ್ಟಿದ.

"ಅಂಬರಾಯಣ್ಣ, ಅಳತಿ ಕೇಳಾಕತ್ತೀನಿ ನಾ..."

ಬಾಗಿಲಲ್ಲಿ ಅಭ್ಯಾಸದಂತೆ ಅವನ ಬೆರಳು ಮಶೀನಿನತ್ತ ಹೋಯಿತು. ಮುಟ್ಟುವ ಮೊದಲೇ ಅದನ್ನು ಹಿಂದಕ್ಕೆಳೆದು, ಮುಷ್ಟಿಯೊಳಗೆ ಮಡಚಿಕೊಂಡು, ಅಂಬರಾಯ ಶಹಾಬಾದಿನ ದಾರಿ ಹಿಡಿದ. ಒಳಗೆ ಸಂತೋಷಕುಮಾರ ಗೋಲ ಎಲ್ಲಿಡಬೇಕೆಂದು ತಿಳಿಯದೆ ಇನ್ನೂ ಕೇಳುತ್ತಲೇ ಇದ್ದ.